ಜುಟ್ಟಿಲ್ಲದ ರಿವಾಲ್ವರಿಗೊಂದು ಸಂಚಿ

ಆ ದಿನ ಬೆಳಿಗ್ಗೆ ಆರಕ್ಕೆ ಹಾಲು ಕಾಸಿ ಹೆಪ್ಪು ಹಾಕಿದೆ. ಯಜಮಾನರ ಡಬ್ಬಿಗೆ ಮೆಂತ್ಯದ ಬಾತು ತುಂಬಿ ಕಳಿಸಿದೆ. ಹಿತ್ತಲಿನ ಕರಿಬೇವಿನ ಕುಂಡವನ್ನು ಬಿಸಿಲಿನಿಂದ ನೆರಳಿಗೆ ಎಳೆದೆ. ಎರಡು ಬ್ಲೌಸಿಗೆ ಹುಕ್ಕು ಹಚ್ಚಿದೆ, ಒಂದು ರೇಷ್ಮೆ ಸೀರೆಗೆ ಫಾಲ್ ಹಾಕಿ ಇಸ್ತ್ರಿ ಮಾಡಿಟ್ಟೆ, ಹೈಸ್ಕೂಲಿನ ಹುಡುಗಿಯೊಬ್ಬಳ ಗೌನಿನ ಅಂಚು ಎರಡು ಇಂಚು ಮೇಲಕ್ಕೆ ಮಡಚಿದೆ. ಮಷೀನಿಗೆ ಎಣ್ಣೆ ಬಿಡುತ್ತಿದ್ದಾಗ ಬೆಲ್ ಆಯಿತು. ಔಷಧಿ ಅಂಗಡಿಯವರು ಒಳಗೆ ಬಂದು, ನನ್ನ ಕತ್ತರಿ ಪಕ್ಕದಲ್ಲಿ ಒಂದು ರಿವಾಲ್ವರ್ ಇಟ್ಟರು.

"ಅಕ್ಕಾರ, ಹೆದರಬ್ಯಾಡ್ರಿ. ಖಾಲಿ ಐತಿ. ಗುಂಡು ಮನ್ಯಾಗ ಕೀಲಿ ಹಾಕಿಟ್ಟು ಬಂದೀನಿ."

"ಹೆದರದೆ ಏನ್ಮಾಡ್ಲಿ? ಅಳತೆಗೆ ಚೂಡಿದಾರ್ ತರ್ತೀರಾ ಅಂತ ಕಾಯ್ತಿದ್ದೆ."

"ಚೂಡಿದಾರನೂ ತಂದೀನ್ರಿ. ಅದರಾಗ ಇದನ್ನ ಇಡಾಕ ಒಂದು ಕಿಸೆ ಬೇಕು."

ಮಿಸೌರಿ ಸಿಟಿಯ ನಮ್ಮ ಮನೆಯ ಗ್ಯಾರೇಜಿನ ಅರ್ಧ ಭಾಗವೇ ನನ್ನ ಹೊಲಿಗೆ ಕೋಣೆ. ಎರಡು ಸಾವಿರದ ಇಸವಿ ದಾಟಿ ಇನ್ನೂ ಬಹಳ ವರ್ಷವಾಗಿರಲಿಲ್ಲ. ಹ್ಯೂಸ್ಟನ್ನಿನ ಈ ಕಡೆಗೆ ನಮ್ಮವರು ಬಂದು ಸೇರುತ್ತಲೇ ಇದ್ದರು, ಬ್ಲೌಸ್ ಹೊಲಿಯುವವಳಿಗೆ ಬಿಡುವೆಂಬುದೇ ಇರಲಿಲ್ಲ. ಔಷಧಿ ಅಂಗಡಿಯವರು ಧಾರವಾಡದ ಕಡೆಯವರು, ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವರು. ಹತ್ತು ನಿಮಿಷದ ದಾರಿಯಲ್ಲಿ ಅವರದೇ ಒಂದು ಪುಟ್ಟ ಅಂಗಡಿ. ಗಂಡ ಸಮುದ್ರದೊಳಗಿನ ತೈಲ ಬಾವಿಯಲ್ಲಿ ಇಂಜಿನಿಯರ್. ಎರಡು ವಾರ ನೀರಿನ ಮೇಲೆ, ಎರಡು ವಾರ ಮನೆಯಲ್ಲಿ.

ಆ ಬೇಸಿಗೆಯಲ್ಲಿ ಒಂದು ಸಂಜೆ ಅವರು ಅಂಗಡಿಗೆ ಬೀಗ ಹಾಕುತ್ತಿದ್ದಾಗ ಹಿಂದಿನಿಂದ ಇಬ್ಬರು ಬಂದು ನೂಕಿ, ಕೈಚೀಲ ಮತ್ತು ಬೀಗದ ಗೊಂಚಲು ಕಿತ್ತುಕೊಂಡು ಹೋಗಿದ್ದರು. ಮೊಣಕೈ ತರಚಿದ್ದು ವಾಸಿಯಾಗಿತ್ತು. ನಿದ್ರೆ ಮಾತ್ರ ಹಿಂತಿರುಗಿರಲಿಲ್ಲ. ಬೆಳಗಿನ ಐದಕ್ಕೇ ನನಗೆ ಫೋನ್ ಮಾಡಿ, "ಅಕ್ಕಾರ, ಹುಣಸಿಹಣ್ಣು ಎಲ್ಲಿ ಛಲೋ ಸಿಗತೈತ್ರಿ?" ಎಂದು ಕೇಳುತ್ತಿದ್ದರು. ಹುಣಸೆಹಣ್ಣು ನೆಪ ಎಂದು ನನಗೂ ಗೊತ್ತಿತ್ತು. ಆರಕ್ಕೆ ಮುಚ್ಚುತ್ತಿದ್ದ ಅಂಗಡಿಯನ್ನು ನಾಲ್ಕಕ್ಕೇ ಮುಚ್ಚತೊಡಗಿದ್ದರು. ಬಾಗಿಲಿನ ಗಾಜಿನ ಮೇಲಿದ್ದ ಆರರ ಮೇಲೆ ಒಂದು ಕಾಗದ ಅಂಟಿಸಿ, ಮಾರ್ಕರಿನಲ್ಲಿ ನಾಲ್ಕು ಎಂದು ಬರೆದಿದ್ದರು. ಕೆಲಸ ಮುಗಿಸಿ ಐದರ ಮೇಲೆ ಬರುವ ಗಿರಾಕಿಗಳು ಒಬ್ಬೊಬ್ಬರಾಗಿ ದೊಡ್ಡ ಅಂಗಡಿಗಳ ಕಡೆಗೆ ತಿರುಗಿಕೊಂಡಿದ್ದರು.

ಡಲ್ಲಾಸ್ ಪಕ್ಕದ ಯೂಲೆಸ್‌ನಲ್ಲಿದ್ದ ಅವರ ಅಣ್ಣ ಅಂಗಡಿ ಕೊಳ್ಳುವವರೊಬ್ಬರನ್ನು ಗೊತ್ತುಮಾಡಿ, ಮಾರಾಟದ ಕಾಗದವನ್ನೂ ಬರೆಸಿಟ್ಟಿದ್ದರು. ದೀಪಾವಳಿಯೊಳಗೆ ಸಹಿ ಆಗಬೇಕಿತ್ತು. ಅಷ್ಟರಲ್ಲಿ ಇವರು ಯಾರಿಗೂ ಹೇಳದೆ ರಿವಾಲ್ವರ್ ಲೈಸೆನ್ಸಿನ ಕ್ಲಾಸಿಗೆ ಹೋಗಿ, ಪರೀಕ್ಷೆ ಪಾಸು ಮಾಡಿ, ಕಾರ್ಡು ತರಿಸಿಕೊಂಡಿದ್ದರು. ಪಾಠ ಹೇಳಿದವರು ಪೊಲೀಸ್ ಕೆಲಸದಿಂದ ನಿವೃತ್ತರಾದ ಒಬ್ಬ ಟೆಕ್ಸಸ್ ಹೆಂಗಸು. ಕಾರ್ಡು ಬಂದರೆ ಸಾಲದು, ರಿವಾಲ್ವರನ್ನು ನಿತ್ಯದ ಬಟ್ಟೆಯೊಳಗಿಟ್ಟು, ಬೇಕೆಂದಾಗ ತಡವರಿಸದೆ ತೆಗೆಯುವುದು ಬಂದ ಮೇಲೇ ಇಟ್ಟುಕೊಂಡು ಓಡಾಡು ಎಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು.

"ಆಕಿ ಸರಿ ಅಂದ್ರ ಮತ್ತ ಆರು ಗಂಟಿ ತನಕ ಅಂಗಡಿ ತೆರೀತೀನ್ರಿ. ಇಲ್ಲಾಂದ್ರ ಅಣ್ಣನ ಕಾಗದಕ್ಕ ಸಹಿ ಮಾಡಿ ಯೂಲೆಸ್‌ಗೆ ಹೋಗಿ ಅವನ ಆಫೀಸಿನ್ಯಾಗ ಫೋನ್ ಎತ್ತಿಕೋತ ಕುಂಡ್ರತೀನಿ," ಎಂದರು. ಹನ್ನೊಂದು ವರ್ಷ ಒಬ್ಬರೇ ಕಟ್ಟಿದ ಅಂಗಡಿ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತಿದ್ದರು.

ನಾನು ಒಪ್ಪಿಕೊಂಡೆ. ಆದರೆ ಒಂದು ನಿಯಮ ಮಾಡಿದೆ. ನನ್ನ ಮನೆಗೆ ಬಂದ ಕೂಡಲೇ ಗುಂಡು ತುಂಬುವ ಉರುಳೆಯನ್ನು ಹೊರಗೆ ತೆರೆಯಬೇಕು. ಅದರಲ್ಲಿ ಐದು ತೂತು. ಐದರಲ್ಲೂ ಕಿಟಕಿಯ ಬೆಳಕು ಕಾಣಬೇಕು. ಅವರು ಎಣಿಸಬೇಕು, ಆಮೇಲೆ ನಾನು ಎಣಿಸಬೇಕು. ಎರಡೂ ಎಣಿಕೆ ಆದ ಮೇಲೆಯೇ ಟೇಪು ಕೈಗೆ. ಯಜಮಾನರು ಸಂಜೆ ಬಂದು ವಿಷಯ ಕೇಳಿ, "ಜಿಪ್ಪು ಹಾಕೋ ಮನೇಲಿ ಇದೆಲ್ಲ ಯಾಕೆ?" ಎಂದರು. "ಅವರೂ ಗಿರಾಕೀನೇ," ಎಂದೆ. ಮಾರನೆಯ ದಿನದಿಂದ ಔಷಧಿ ಅಂಗಡಿಯವರು ಬಂದಾಗ ಯಜಮಾನರು ಟಿವಿ ಶಬ್ದ ತಗ್ಗಿಸಿ ಕೂರುತ್ತಿದ್ದರು.

ಮೊದಲು ಹೊಲಿದದ್ದು ಸಲ್ವಾರಿನ ಪಕ್ಕದ ಹೊಲಿಗೆಯೊಳಗೆ ಒಂದು ಕಿಸೆ. ಗಟ್ಟಿ ಬಟ್ಟೆ, ಎರಡು ಸಲ ಹೊಲಿಗೆ. ನೋಡಲು ಅಚ್ಚುಕಟ್ಟು. ರಿವಾಲ್ವರ್ ಒಳಗಿಟ್ಟು ಅವರು ಕೋಣೆಯ ಆ ತುದಿಗೆ ನಡೆದರು. ತಿರುಗಿ ಬರುವಷ್ಟರಲ್ಲಿ ಸಲ್ವಾರಿನ ಬಲಗಡೆ ಒಂದು ಗೇಣು ಕೆಳಗಿಳಿದಿತ್ತು. ಎರಡೂ ಕೈಯಲ್ಲಿ ಸೊಂಟ ಹಿಡಿದು ನಿಂತುಬಿಟ್ಟರು.

"ಅಕ್ಕಾರ, ಕಳ್ಳ ಬಂದ್ರ ನಾ ಏನ್ ಹಿಡೀಲ್ರಿ? ಪಿಸ್ತೂಲೋ, ಸಲ್ವಾರೋ?"

ಇಬ್ಬರೂ ನಕ್ಕು ನಕ್ಕು ಕೂತೆವು. ಲಾಡಿಯ ಮೇಲೆ ಕಬ್ಬಿಣ ನೇತುಹಾಕಿದ್ದು ನನ್ನದೇ ದಡ್ಡತನ. ನಕ್ಕ ಮೇಲೆ ಅವರು, "ನಮ್ಮ ಆಯಿ ಎಲಿ ಅಡಿಕಿ ಸಂಚಿ ಸೊಂಟಕ್ಕ ಸಿಗಿಸಿಕೊಂಡು ಇಡೀ ಊರು ಅಡ್ಡಾಡ್ತಿದ್ಲ್ರಿ. ಒಂದು ದಿನ ಕೆಳಗ ಬಿದ್ದಿದ್ದಿಲ್ಲ," ಎಂದರು. ನನಗೆ ಬೇಕಾಗಿದ್ದದ್ದು ಅದೇ. ಬಟ್ಟೆಗೆ ಕಿಸೆ ಬೇಡ. ಮೈಗೇ ಒಂದು ಸಂಚಿ ಬೇಕು.

ಯಜಮಾನರ ಹಳೆಯ ಜೀನ್ಸ್ ಪ್ಯಾಂಟು ಕತ್ತರಿಸಿದೆ. ಸೊಂಟಕ್ಕೆ ಮೂರು ಬೆರಳಗಲದ ಪಟ್ಟಿ, ಮಡಚಿಕೊಳ್ಳದಂತೆ ಒಳಗೆ ಕ್ಯಾನ್ವಾಸು, ಮುಂದೆ ಎರಡು ದಪ್ಪ ಕೊಕ್ಕೆ. ಪಟ್ಟಿಯ ಬಲಗಡೆ ಎರಡು ಪದರದ ಸಂಚಿ. ಟ್ರಿಗರ್ ಪೂರ್ತಿ ಒಳಗಿರಬೇಕು, ಹಿಡಿ ಮಾತ್ರ ಮೇಲೆ. ಸಂಚಿಯಲ್ಲಿ ರಿವಾಲ್ವರ್ ಬಿಟ್ಟು ಒಂದು ಹೇರ್‌ಪಿನ್ನೂ ಇರಕೂಡದು ಎಂದು ಅವರ ಟೀಚರ್ ಹೇಳಿಕಳಿಸಿದ್ದರು. ಆಮೇಲೆ ಚೂಡಿದಾರ್ ಟಾಪಿನ ಬಲ ಪಕ್ಕದ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ, ಅಂಚಿಗೆ ಪಟ್ಟಿ ಕೊಟ್ಟು, ಕೈ ಹೋಗುವಷ್ಟು ದಾರಿ ಮಾಡಿದೆ. ನಿಂತರೆ, ನಡೆದರೆ, ಬಗ್ಗಿ ಕೆಳಗಿನ ಕಪಾಟು ತೆರೆದರೆ, ಒಳಗೆ ಏನಿದೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ.

ಹೆಮ್ಮೆ ಐದು ನಿಮಿಷ ಉಳಿಯಿತು. ಮೊದಲ ಸಲ ತೆಗೆಯುವಾಗಲೇ ರಿವಾಲ್ವರ್ ಅರ್ಧಕ್ಕೆ ಬಂದು ನಿಂತಿತು. ಜಗ್ಗಿದರು. ಪಟ್ಟಿ ಪರ್ರೆಂದಿತು.

ಅದರ ಹಿಂಭಾಗದಲ್ಲಿ ಗುಂಡಿಗೆ ಬಡಿಯುವ ಹ್ಯಾಮರ್ ಇರುತ್ತದೆ. ಅವರ ರಿವಾಲ್ವರಿನಲ್ಲಿ ಆ ಹ್ಯಾಮರಿಗೆ ಹೆಬ್ಬೆರಳಿಂದ ಹಿಂದಕ್ಕೆಳೆಯಲೆಂದು ಒಂದು ಕೊಕ್ಕೆ, ಜುಟ್ಟಿನ ಹಾಗೆ ಮೇಲಕ್ಕೆ ಎದ್ದಿತ್ತು. ಆ ಜುಟ್ಟು ಹೋಗಿ ನನ್ನ ಪಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಮಲ್ ಬಟ್ಟೆ ಕೊಟ್ಟೆ. ಸಿಕ್ಕಿತು. ಸ್ಯಾಟಿನ್ ಕೊಟ್ಟೆ. ಜಾರಿದಂತೆ ಮಾಡಿ ಕೊನೆಗೆ ಸಿಕ್ಕಿತು. ಹಳೆಯ ರೇನ್‌ಕೋಟು ಕತ್ತರಿಸಿ ಹಚ್ಚಿದೆ. ಸಂಚಿಯಿಂದ ಸಲೀಸಾಗಿ ಬಂತು, ಟಾಪಿನ ಕಸೂತಿಗೆ ಸಿಕ್ಕಿ ಒಂದು ಹೂವನ್ನೇ ಕಿತ್ತುಕೊಂಡು ಬಂತು. ತೆಗೆಯುವಾಗ ಹೆಬ್ಬೆರಳನ್ನು ಜುಟ್ಟಿನ ಮೇಲಿಟ್ಟು ಮುಚ್ಚಿಕೊಂಡರೆ ಸಿಕ್ಕುವುದಿಲ್ಲ. ಅದನ್ನೂ ವಾರಗಟ್ಟಲೆ ಮಾಡಿದರು. ನಿಧಾನಕ್ಕೆ ತೆಗೆದಾಗ ಸರಿ. ನಾನು ಹಿಂದಿನಿಂದ ಫಕ್ಕನೆ ಚಪ್ಪಾಳೆ ತಟ್ಟಿದರೆ ಹೆಬ್ಬೆರಳು ಮರೆತೇಹೋಗುತ್ತಿತ್ತು.

ಟೀಚರ್ ಇದನ್ನು ಕೇಳಿ, ನಾಲ್ಕು ಬಗೆಯ ರಿವಾಲ್ವರ್‌ಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿದರಂತೆ. ಔಷಧಿ ಅಂಗಡಿಯವರು ಬಂದು ನನಗೆ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದು ವಿವರಿಸಿದರು. ಒಂದು, ಜುಟ್ಟಿನದು. ಎರಡು, ಜುಟ್ಟನ್ನು ತೇದು ಬೋಳಿಸಿದ್ದು. ಮೂರು, ಮುಸುಕಿನದು: ಎರಡೂ ಪಕ್ಕ ಲೋಹದ ಗೋಡೆ ಎದ್ದಿರುತ್ತದೆ, ನಡುವಿನ ಸೀಳಿನಲ್ಲಿ ಹ್ಯಾಮರಿನ ತುದಿ ಕಾಳಿನಷ್ಟು ಇಣುಕುತ್ತದೆ. ನಾಲ್ಕು, ಪೂರ್ತಿ ಮುಚ್ಚಿದ್ದು: ಹ್ಯಾಮರ್ ಒಳಗೇ ಇದೆ, ಕಣ್ಣಿಗೂ ಬೀಳುವುದಿಲ್ಲ, ಬೆರಳಿಗೂ ಸಿಗುವುದಿಲ್ಲ.

"ಹಾಗಾದ್ರೆ ನಾಲ್ಕನೇದು ತಗೊಳ್ಳಿ. ನನಗೂ ಕೆಲಸ ಉಳಿಯುತ್ತೆ."

"ಅಲ್ಲೇ ಐತ್ರಿ ಕಷ್ಟ. ಜುಟ್ಟು ಹಿಂದಕ್ಕ ಎಳದು ಇಟ್ಟುಕೊಂಡ್ರ ಟ್ರಿಗರ್ ಹೂವಿನಂಗ ಹಗುರ. ನಾ ಪರೀಕ್ಷಾ ಪಾಸಾಗಿದ್ದೇ ಹಂಗ. ಜುಟ್ಟು ಸಿಗದಿದ್ರ ಪ್ರತಿ ಗುಂಡಿಗೂ ಟ್ರಿಗರ್ ಉದ್ದಕ್ಕ, ಗಟ್ಟಿಯಾಗಿ ಎಳೀಬೇಕು. ನನ್ನ ಕೈ ನಡಗತೈತಿ, ಗುಂಡು ಊರ ತುಂಬ ಹೋಗತೈತಿ. ಮುಸುಕಿಂದು ತಗೋತೀನ್ರಿ. ಬಟ್ಟಿಗೂ ಸಿಗೂದಿಲ್ಲ, ಬೇಕಂದ್ರ ಬೆರಳಿಗೂ ಸಿಗತೈತಿ. ಎರಡೂ ಆತು."

ಎರಡೂ ಆಯಿತಲ್ಲ ಎಂದು ನಾನೂ ತಲೆಯಾಡಿಸಿದೆ. ಹಳೆಯದನ್ನು ಕೊಟ್ಟು ಮುಸುಕಿನದನ್ನು ತಂದರು. ಸಂಚಿಯನ್ನು ಅದರ ಬೆನ್ನಿನ ಉಬ್ಬಿಗೆ ತಕ್ಕಂತೆ ಬಿಚ್ಚಿ ಹೊಲಿದೆ. ಹತ್ತಕ್ಕೆ ಹತ್ತು ಸಲ ಸಲೀಸಾಗಿ ಬಂತು. ಚಪ್ಪಾಳೆ ತಟ್ಟಿದರೂ ಬಂತು. ಟೀಚರ್ ತಾವೇ ಪರೀಕ್ಷಿಸಿ ನೋಡಲು ಮುಂದಿನ ಶನಿವಾರಕ್ಕೆ ಹೊತ್ತು ಕೊಟ್ಟರು.

ಆ ಶನಿವಾರಕ್ಕೆ ಎರಡು ದಿನ ಮುಂಚೆ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಮಷೀನಿಗೆ, ಕತ್ತರಿಗೆ, ಇಸ್ತ್ರಿ ಪೆಟ್ಟಿಗೆಗೆ, ಎರಡು ಕಾರಿಗೆ ಪೂಜೆ. ಔಷಧಿ ಅಂಗಡಿಯವರು ತಮ್ಮ ಮಾತ್ರೆ ಎಣಿಸುವ ತಟ್ಟೆ, ಅದರ ಚಪ್ಪಟೆ ಚಮಚ ತಂದರು. ಖಾಲಿ ರಿವಾಲ್ವರನ್ನೂ ತಂದರು.

"ಆಯುಧಪೂಜಾ ದಿವಸ ಆಯುಧನೇ ಬಿಟ್ರ ಹೆಂಗ್ರಿ ಅಕ್ಕಾರ?"

ಉರುಳೆ ತೆರೆದು ಎಣಿಸಿದರು, ನಾನೂ ಎಣಿಸಿದೆ. ಕೆಂಪು ಬ್ಲೌಸ್‌ಪೀಸಿನ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟೆ. ಅರಿಶಿನ, ಕುಂಕುಮ, ಸೇವಂತಿಗೆ ಸಿಗದ್ದರಿಂದ ಅಂಗಡಿಯ ಹಳದಿ ಹೂವು. ಅಕ್ಷತೆಯನ್ನು ತುಪ್ಪ ಹಚ್ಚಿ ಕಲಸಿದ್ದೆ. ಹಬ್ಬದ ಉತ್ಸಾಹದಲ್ಲಿ ಮುಷ್ಟಿ ತುಂಬ ಹಾಕಿದೆ. ಪೂಜೆ ಮುಗಿದ ಮೇಲೆ ಅವರು ರಿವಾಲ್ವರನ್ನು ಬಟ್ಟೆಯಲ್ಲಿ ಒರೆಸಿಕೊಂಡು ಹೋದರು. ಹೋಳಿಗೆಯನ್ನೂ ಒಯ್ದರು.

ಶನಿವಾರ ಊರಾಚೆಯ ಶೂಟಿಂಗ್ ರೇಂಜಿಗೆ ನಾನೂ ಹೋದೆ. ಟೀಚರ್ ಅರವತ್ತರ ಹತ್ತಿರದವರು, ಕುಳ್ಳಗೆ, ಬೆಳ್ಳಿ ಕೂದಲನ್ನು ಬಿಗಿಯಾಗಿ ಜಡೆ ಹೆಣೆದಿದ್ದರು. ನನ್ನ ಸಂಚಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗಿನ ಹೊಲಿಗೆಗೆ ಉಗುರು ಹಾಕಿ ಎಳೆದು ನೋಡಿ, "ಯಾರಮ್ಮ ಹೊಲಿದದ್ದು? ಚೆನ್ನಾಗಿದೆ," ಎಂದರು. ಖಾಲಿಯಲ್ಲಿ ತೆಗೆಯುವ ಅಭ್ಯಾಸ ಚೆನ್ನಾಗಿಯೇ ಆಯಿತು. ಆಮೇಲೆ ಔಷಧಿ ಅಂಗಡಿಯವರು ಕಿವಿಗೆ ಮುಚ್ಚಳ ಹಾಕಿಕೊಂಡು, ಐದು ಗುಂಡು ತುಂಬಿ ಗುರಿಯ ಮುಂದೆ ನಿಂತರು. ನಾನು ಗಾಜಿನ ಹಿಂದೆ.

ಟ್ರಿಗರ್ ಅರ್ಧ ದಾರಿ ಹೋಗಿ ನಿಂತಿತು.

ಮತ್ತೆ ಎಳೆದರು. ಇಲ್ಲ. ಹೆಬ್ಬೆರಳಿಂದ ಎಳೆಯಲು ನೋಡಿದರು. ಅದೂ ಇಲ್ಲ. ಟೀಚರ್ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಗುಂಡುಗಳನ್ನು ಹೊರಗೆ ಸುರಿದು, ಬೆನ್ನಿನ ಸೀಳಿಗೆ ಟಾರ್ಚು ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು, "ನಿನ್ನ ಹತ್ತಿರ ಸೂಜಿ ಇದೆಯಾ?" ಎಂದರು. ನನ್ನ ಪರ್ಸಿನಲ್ಲಿ ಸೂಜಿ ಇಲ್ಲದ ದಿನವಿಲ್ಲ. ಅದರ ತುದಿಯಿಂದ ಕೆದಕಿ ಅವರು ಅಂಗೈ ಮೇಲೆ ಬೀಳಿಸಿದ್ದು ಒಂದು ಹಳದಿ ಅಕ್ಕಿ ಕಾಳು. ಹ್ಯಾಮರಿನ ಹಿಂದೆ ಹೋಗಿ ತುಪ್ಪದಲ್ಲಿ ಅಂಟಿ ಕೂತಿತ್ತು. ಹ್ಯಾಮರ್ ಹಿಂದಕ್ಕೆ ಹೋಗಲು ಜಾಗವೇ ಇರಲಿಲ್ಲ.

"ಇದೇನು?"

ಹೇಳದೆ ಉಪಾಯವಿರಲಿಲ್ಲ. ನನಗೆ ಬರುವ ಇಂಗ್ಲಿಷಿನಲ್ಲಿ ಪೂಜೆಯ ವಿಷಯ ಹೇಳಿದೆ. ಹಾಕಿದ್ದು ನಾನು, ಅವರ ತಪ್ಪಿಲ್ಲ ಎಂದೆ. ಟೀಚರ್ ಕಾಳನ್ನೂ ನನ್ನನ್ನೂ ನೋಡಿದರು.

"ನಾವೂ ಅಕ್ಕಿ ಎರಚುತ್ತೇವೆ, ಹನಿ. ಮದುಮಗಳ ಮೇಲೆ. ಪಿಸ್ತೂಲಿನ ಮೇಲಲ್ಲ," ಎಂದರು. ಅವರಿಗೆ ಎಲ್ಲ ಹೆಂಗಸರೂ 'ಹನಿ', ಎಂದರೆ ಜೇನು. ಮೆಲ್ಲಗೆ ನಕ್ಕು, ತಕ್ಷಣ ನಗು ನಿಲ್ಲಿಸಿ ಔಷಧಿ ಅಂಗಡಿಯವರ ಕಡೆ ತಿರುಗಿದರು. "ಇವತ್ತು ಅಕ್ಕಿ. ನಾಳೆ ಬಟ್ಟೆಯ ಜುಂಗು, ಮಾತ್ರೆಯ ಚೂರು. ಇಲ್ಲಿ ಆಗಿದ್ದು ಒಳ್ಳೆಯದಾಯಿತು. ನಿನ್ನ ಅಂಗಡಿಯ ಮುಂದೆ ಆಗಿದ್ದರೆ? ಇದನ್ನು ಇಟ್ಟುಕೊಂಡು ಓಡಾಡು ಎಂದು ನಾನು ಹೇಳಲಾರೆ."

ವಾಪಸ್ ಬರುವಾಗ ಔಷಧಿ ಅಂಗಡಿಯವರು ಕಾರಿನಲ್ಲಿ ಒಂದೇ ಮಾತಾಡಿದ್ದು. "ಅಣ್ಣಗ ಫೋನ್ ಮಾಡ್ತೀನ್ರಿ. ಸಹಿ ಮಾಡಿಬಿಡ್ತೀನಿ." ನನ್ನ ಮೇಲೆ ಸಿಟ್ಟು ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ತಿಂಡಿಯಾದ ಮೇಲೆ ಮಷೀನಿನ ಮುಂದೆ ಕೂತೆ. ಸಂಚಿಯ ಮೇಲೆ ಇನ್ನೊಂದು ಮುಚ್ಚಳ ಹೊಲಿದರೆ ಸೀಳಿಗೆ ಏನೂ ಬೀಳುವುದಿಲ್ಲವೆಂದು ಲೆಕ್ಕ ಹಾಕಿ, ಬಟ್ಟೆ ಕತ್ತರಿಸಿ, ಪಿನ್ನು ಚುಚ್ಚಿ ನೋಡಿದೆ. ಮುಚ್ಚಳ ಎತ್ತಿ ತೆಗೆಯಬೇಕು. ಅಲ್ಲಿ ಒಂದು ತಡೆ. ಮುಚ್ಚಳದ ಅಂಚು ಜುಂಗು ಬಿಡುತ್ತದೆ, ಅಲ್ಲಿ ಇನ್ನೊಂದು. ಎರಡು ತಿಂಗಳಿಂದ ನಾನು ಮಾಡುತ್ತಿದ್ದದ್ದು ಇದನ್ನೇ. ಬಟ್ಟೆಯದಲ್ಲದ ದೋಷವನ್ನು ಬಟ್ಟೆಯಲ್ಲಿ ಸರಿಪಡಿಸಲು ಹೋಗುತ್ತಿದ್ದೆ. ಗಿರಾಕಿ ಕೇಳಿದರೆಂದು ಹೊಲಿಯುತ್ತಾ ಹೋದೆ. ಬೇಡ ಎಂದು ಹೇಳುವುದೂ ಟೇಲರಿನ ಕೆಲಸವೇ. ಪಿನ್ನು ಬಿಚ್ಚಿ ಡಬ್ಬಿಗೆ ಹಾಕಿ ಫೋನ್ ಮಾಡಿದೆ.

"ಅಣ್ಣನಿಗೆ ಹೇಳಿದ್ರಾ?"

"ಇನ್ನೂ ಇಲ್ರಿ."

"ಹೇಳ್ಬೇಡಿ. ಪೂರ್ತಿ ಮುಚ್ಚಿದ್ದನ್ನೇ ತಗೊಳ್ಳಿ. ಇನ್ನು ನಾನು ಬೇರೆ ಯಾವುದಕ್ಕೂ ಸಂಚಿ ಹೊಲಿಯಲ್ಲ."

"ಅಕ್ಕಾರ, ಟ್ರಿಗರ್ ನನ್ನ ಕೈಲೆ ಆಗೂದಿಲ್ಲಂತ ಹೇಳೀನಲ್ರಿ."

"ಅದನ್ನ ನಾನು ಕಲಿಸ್ತೀನಿ."

ಹೇಳಿಬಿಟ್ಟೆ. ಜೀವಮಾನದಲ್ಲಿ ಟ್ರಿಗರ್ ಮುಟ್ಟಿದವಳಲ್ಲ. ಆದರೆ ಎಷ್ಟು ಜನಕ್ಕೆ ಮಷೀನ್ ಕಲಿಸಿದ್ದೇನೆ! ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಪೆಡಲನ್ನು ಹೆದರಿ ಅರ್ಧ ಒತ್ತುತ್ತಾರೆ, ಸೂಜಿ ಇಳಿಯುವುದಿಲ್ಲ, ಸಿಟ್ಟಾಗಿ ಜೋರಾಗಿ ಒತ್ತುತ್ತಾರೆ, ಬಟ್ಟೆ ಓಡಿಹೋಗುತ್ತದೆ. ರೇಂಜಿನ ಗಾಜಿನ ಹಿಂದೆ ನಿಂತಾಗ ಅವರ ಬೆರಳಿನಲ್ಲಿ ನಾನು ಕಂಡದ್ದು ಅದೇ ಹೊಸಬರ ಪಾದ.

ಮುಚ್ಚಿದ ಬಗೆಯದು ಹತ್ತಿರದ ಅಂಗಡಿಗಳಲ್ಲಿ ಇರಲಿಲ್ಲ. ಡಲ್ಲಾಸಿನ ಕಡೆಯ ಒಂದು ಅಂಗಡಿಯಲ್ಲಿ ಇದೆಯೆಂದು ಫೋನಿನಲ್ಲಿ ತಿಳಿಯಿತು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬೆಳಿಗ್ಗೆ ಹೊರಟೆವು. ನಾಲ್ಕು ಗಂಟೆಗೂ ಮೇಲಿನ ಡ್ರೈವು. ಕೌಂಟರಿನವನು ಖಾಲಿ ಎಂದು ತೋರಿಸಿ ಕೈಗೆ ಕೊಟ್ಟ. ಬೆನ್ನು ನೀರಿನಲ್ಲಿ ತೊಳೆದ ಕಲ್ಲಿನಷ್ಟು ನುಣುಪು. ನಾನು ಪರ್ಸಿನಿಂದ ಜಾರ್ಜೆಟ್ಟಿನ ಒಂದು ತುಂಡು ತೆಗೆದು ಅದರ ಬೆನ್ನ ಮೇಲೆ ಎಳೆದೆ. ಒಂದು ಎಳೆಯೂ ಏಳಲಿಲ್ಲ. ಉಗುರು ಆಡಿಸಿದೆ. ಸೀಳಿಲ್ಲ, ಬಾಯಿಲ್ಲ. ಕೌಂಟರಿನವನು ಇಪ್ಪತ್ತು ವರ್ಷದಲ್ಲಿ ಯಾರೂ ಹೀಗೆ ಪರೀಕ್ಷೆ ಮಾಡಿಲ್ಲ ಎಂದ. ಮುಸುಕಿನದನ್ನು ಅಲ್ಲೇ ಕೊಟ್ಟು ಇದನ್ನು ತೆಗೆದುಕೊಂಡರು.

ಯೂಲೆಸ್ ಅಲ್ಲೇ ಪಕ್ಕ. ಅಣ್ಣನ ಮನೆಗೆ ಹೋಗದೆ ಬರುವಂತಿರಲಿಲ್ಲ. ದೊಡ್ಡ ದನಿಯ, ದೊಡ್ಡ ಹೊಟ್ಟೆಯ, ತಂಗಿಯೆಂದರೆ ಜೀವ ಬಿಡುವ ಮನುಷ್ಯ. ಮಾರಾಟದ ಕಾಗದ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಯ ಕೆಳಗಿತ್ತು.

"ಏನವಾ ತಂಗಿ, ಗನ್ ಕೊಳ್ಳಾಕ ಟೇಲರ್ನ ಕರಕೊಂಡು ಬಂದೀಯಂತ? ಅದಕ್ಕೇನು ಫಾಲ್ ಹಚ್ಚಿಸ್ತೀ ಏನು?"

"ಪಿಕೋನೂ ಮಾಡಿಸ್ತೀನಿ. ನಿನಗ್ಯಾಕ ಚಿಂತಿ?"

"ಚಿಂತಿ ಇರೂದಕ್ಕ ಕೇಳತೀನಿ. ಕಳ್ಳರು ನಿನ್ನ ನೂಕಿ ಹೋದ ದಿವಸ ಆಸ್ಪತ್ರಿಯಿಂದ ಫೋನ್ ಬಂತಲ್ಲ, ಆ ರಿಂಗು ಇನ್ನೂ ನನ್ನ ಕಿವ್ಯಾಗ ಐತಿ." ದನಿ ಇಳಿಯಿತು. ನನ್ನ ಕಡೆ ತಿರುಗಿ, "ಅಕ್ಕಾರ, ನೀವಾದ್ರೂ ಹೇಳ್ರಿ. ಹಟ ಯಾಕ?" ಎಂದರು.

"ಇನ್ನು ಎರಡು ವಾರ ಕೊಡಿ. ಅವರ ಟೀಚರ್ ಬೇಡ ಅಂದ್ರೆ ನಾನೇ ಪೆನ್ನು ಕೊಡ್ತೀನಿ," ಎಂದೆ. ತಾವೂ ಬಂದು ಕಣ್ಣಾರೆ ನೋಡುವುದಾಗಿ ಹೇಳಿ ಅವರು ಒಪ್ಪಿದರು. ಕಾಗದವನ್ನೂ ತರುವುದಾಗಿ ಹೇಳಿದರು.

ಆ ಎರಡು ವಾರ ದಿನಾ ಅಂಗಡಿ ಮುಚ್ಚಿ ನಾಲ್ಕೂವರೆಗೆ ನನ್ನಲ್ಲಿಗೆ ಬಂದರು. ಮೊದಲ ಮೂರು ದಿನ ರಿವಾಲ್ವರ್ ತರಕೂಡದೆಂದಿದ್ದೆ. ಕಾಗದದ ಮೇಲೆ ಐದು ಚುಕ್ಕೆ ಇಟ್ಟು, ಮಷೀನಿಗೆ ದಾರವಿಲ್ಲದ ಸೂಜಿ ಹಾಕಿ, ಒಂದೊಂದು ಚುಕ್ಕೆಗೂ ಒಂದೇ ತೂತು ಬೀಳಬೇಕೆಂದೆ. "ಪೆಡಲ್ ಒಂದೇ ಸಮ ಒತ್ತಿ. ನಡುವೆ ನಿಲ್ಲಿಸ್ಬೇಡಿ. ಸೂಜಿ ಯಾವಾಗ ಇಳಿಯುತ್ತೆ ಅಂತ ಕಾಯ್ಬೇಡಿ. ಇಳಿದಾಗ ಇಳಿಯುತ್ತೆ." ಮೊದಲ ದಿನ ಕಾಗದ ಜರಡಿಯಾಯಿತು. ಮೂರನೆಯ ದಿನ ಐದಕ್ಕೆ ಐದು.

ನಾಲ್ಕನೆಯ ದಿನದಿಂದ ರಿವಾಲ್ವರ್. ಉರುಳೆ ತೆರೆದು ಇಬ್ಬರೂ ಎಣಿಸಿ, ಟೀಚರ್ ಕೊಟ್ಟ ಪ್ಲಾಸ್ಟಿಕ್ಕಿನ ಡಮ್ಮಿ ಗುಂಡು ಹಾಕಿ, ಗ್ಯಾರೇಜಿನ ಇಟ್ಟಿಗೆ ಗೋಡೆಗೆ ಗುರಿ. ನಳಿಗೆಯ ಮೇಲೆ ನಾನು ಒಂದು ಅಂಗಿ ಗುಂಡಿ ಇಡುತ್ತಿದ್ದೆ. ಟ್ರಿಗರ್ ಪೂರ್ತಿ ಎಳೆದರೂ ಗುಂಡಿ ಬೀಳಬಾರದು. ಮೊದಲ ಸಂಜೆ ಗುಂಡಿಗಳನ್ನು ಹೆಕ್ಕಿ ಹೆಕ್ಕಿ ನನ್ನ ಸೊಂಟ ಬಿದ್ದುಹೋಯಿತು. "ಮಾತ್ರಿ ಎಣಸೂದೂ ಐದೈದಾ, ಇದರಾಗೂ ಐದಾ. ನನ್ನ ಹಣ್ಯಾಗ ಐದೇ ಬರದೈತಿ," ಎಂದು ಅವರು ತಮ್ಮಷ್ಟಕ್ಕೆ ಎಣಿಸತೊಡಗಿದ ಮೇಲೆ ಕೈ ಹದಕ್ಕೆ ಬಂತು: ಒಂದು, ಎರಡು, ಮೂರು, ಚಮಚದಿಂದ ಮಾತ್ರೆ ಸರಿಸಿದ ಹಾಗೆ. ಎರಡನೆಯ ವಾರ ಗುಂಡಿ ಅಲುಗಲೂ ಇಲ್ಲ. ಯಜಮಾನರು ಟಿವಿ ಬಿಟ್ಟು ಬಂದು ಬಾಗಿಲಲ್ಲಿ ನಿಂತು, "ಇನ್ನೂ ಚಿಕ್ಕ ಗುಂಡಿ ಇಡು," ಎಂದರು.

ಎರಡು ವಾರ ಮುಗಿದ ಶನಿವಾರ ಅಂಗಡಿಗೆ ಮಧ್ಯಾಹ್ನದವರೆಗೆ ಒಬ್ಬ ಬದಲಿ ಫಾರ್ಮಸಿಸ್ಟನ್ನು ಕೂರಿಸಿ ರೇಂಜಿಗೆ ಹೋದೆವು. ಅಣ್ಣ ಮುಂಜಾನೆಯೇ ಹೊರಟು ಬಂದಿದ್ದರು, ಕಾಗದ ಅಂಗಿಯ ಜೇಬಿನಲ್ಲಿ. ಔಷಧಿ ಅಂಗಡಿಯವರು ದಿನಾ ತೊಡುವ ಕಸೂತಿಯ ಟಾಪು, ಸಲ್ವಾರು, ಜಾರ್ಜೆಟ್ ದುಪಟ್ಟಾದಲ್ಲೇ ಬರಬೇಕೆಂದು ಟೀಚರ್ ಹೇಳಿದ್ದರು.

ಮೊದಲು ಖಾಲಿಯಲ್ಲಿ ಹತ್ತು ಸಲ. ಟೀಚರ್ ಹಿಂದೆ ನಿಂತು ಯಾವಾಗೆಂದು ಹೇಳದೆ ಶಿಳ್ಳೆ ಊದುತ್ತಿದ್ದರು. ಒಂದು. ಎರಡು. ಕೈ ಪಕ್ಕದ ಹೊಲಿಗೆಯೊಳಗೆ ಹೋಗುವುದು, ರಿವಾಲ್ವರ್ ನುಣ್ಣಗೆ ಹೊರಬರುವುದು, ಬೆರಳು ಟ್ರಿಗರಿನ ಹೊರಗೇ ಚಾಚಿರುವುದು. ಎಂಟನೆಯ ಶಿಳ್ಳೆಗೆ ದುಪಟ್ಟಾ ಜಾರಿ ಬಲಗಡೆಯ ದಾರಿಯ ಮೇಲೆಯೇ ಬಿತ್ತು. ಅವರು ಎಡಗೈಯಿಂದ ಅದನ್ನು, ಒಲೆಯ ಮುಂದೆ ಸೆರಗು ಹಿಂದಕ್ಕೆ ಹಾಕುವ ಹಾಗೆ, ಒಮ್ಮೆ ಬೀಸಿ ಒಗೆದರು. ಬಲಗೈ ತಡೆಯಲೇ ಇಲ್ಲ. ಒಂಬತ್ತು. ಹತ್ತು. ಎಲ್ಲೂ ಸಿಗಲಿಲ್ಲ.

ಆಮೇಲೆ ನಿಜವಾದ ಗುಂಡು. ಐದು. ಮತ್ತೆ ತುಂಬಿ ಐದು. ಗಾಜಿನ ಹಿಂದಿನಿಂದ ನನಗೆ ಅವರ ತುಟಿ ಮಾತ್ರ ಕಾಣುತ್ತಿತ್ತು. ಎಣಿಸುತ್ತಿದ್ದರು. ಟೀಚರ್ ಗುರಿಯ ಹಾಳೆಯನ್ನು ಹತ್ತಿರಕ್ಕೆ ತರಿಸಿ, ತಮ್ಮ ಅಂಗೈ ಅಗಲಿಸಿ ಅದರ ಮೇಲಿಟ್ಟರು. ಹತ್ತೂ ತೂತು ಅಂಗೈಯ ಕೆಳಗೆ ಮುಚ್ಚಿಹೋದವು.

"ಇನ್ನು ಆರು ಗಂಟೆಗೇ ಅಂಗಡಿ ಮುಚ್ಚು, ಹನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಕ್ಲಾಸಿನ ಹೆಂಗಸರಿಗೆ ಇಂಥ ಆರು ಸಂಚಿ ಹೊಲಿದುಕೊಡುತ್ತೀಯಾ? ಅಕ್ಕಿ ಬೇಡ," ಎಂದರು.

ಅಣ್ಣ ಕಿವಿಯ ಮುಚ್ಚಳ ತೆಗೆಯುವುದನ್ನೇ ಮರೆತಿದ್ದರು. ಜೋರಾಗಿ ಕೂಗಿದರು: "ತಂಗೀ, ಈ ಕಾಗದ ಈಗ ಎಲ್ಲಿ ಒಗೀಲಿ?"

"ಒಗೀಬ್ಯಾಡ. ದೊಡ್ಡ ಹಾಳಿ ಐತಿ. ಅಕ್ಕಾರಿಗೆ ಕೊಡು, ಬ್ಲೌಸಿನ ತೋಳು ಕತ್ತರಿಸಾಕ ಬರತೈತಿ."

ಅವರು ಎರಡೂ ಕೈಯಲ್ಲಿ ಕಾಗದವನ್ನು ನನಗೆ ಕೊಟ್ಟರು. ಆ ಹಾಳೆಯ ಹಿಂಬದಿಯಲ್ಲಿ ಬರೆದ ತೋಳಿನ ಅಳತೆ ಬಹಳ ವರ್ಷ ನನ್ನ ಹೊಲಿಗೆ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಮಧ್ಯಾಹ್ನ ಅಂಗಡಿಗೆ ಹೋದ ಕೂಡಲೇ ಔಷಧಿ ಅಂಗಡಿಯವರು ಬಾಗಿಲ ಗಾಜಿನ ಮೇಲಿನ ಕಾಗದವನ್ನು ಉಗುರಿನಿಂದ ಕೆರೆದು ಕಿತ್ತರು. ಕೆಳಗಿದ್ದ ಆರು ಮಾಸದೆ ಹಾಗೇ ಇತ್ತು. ಐದೂಕಾಲಿಗೆ ಒಬ್ಬ ಮುದುಕಪ್ಪ ಸಕ್ಕರೆ ಕಾಯಿಲೆಯ ಔಷಧಕ್ಕೆ ಬಂದು, "ತೆರೆದಿದೆಯಾ?" ಎಂದು ಬಾಗಿಲಲ್ಲೇ ನಿಂತು ಕೇಳಿದ. "ತೆರೆದಿದೆ, ಬನ್ನಿ," ಎಂದರು. ಆರಕ್ಕೆ ದೀಪ ಆರಿಸಿದರು. ನಾನೂ ಅಣ್ಣನೂ ನನ್ನ ಕಾರಿನಲ್ಲಿ ಕೂತು ನೋಡುತ್ತಿದ್ದೆವು. ಜೊತೆಗೆ ಬರಬೇಡಿ ಎಂದಿದ್ದರು. ಬೀಗ ಹಾಕಿದರು, ಎರಡು ಸಲ ಎಳೆದು ನೋಡಿದರು, ತಿರುಗಿದರು. ಇನ್ನೂ ಬಿಸಿಲಿತ್ತು. ಬಾಗಿಲಿಂದ ಅವರ ಕಾರಿಗೆ ಮೂವತ್ತು ಹೆಜ್ಜೆ. ತಲೆ ಎತ್ತಿ, ಅತ್ತಿತ್ತ ನೋಡುತ್ತಾ, ಅವಸರವಿಲ್ಲದೆ ನಡೆದರು. ಏನೂ ಆಗಲಿಲ್ಲ. ಯಾರೂ ಬರಲಿಲ್ಲ. ಕೈ ಸಂಚಿಯ ಕಡೆಗೆ ಹೋಗಲೇ ಇಲ್ಲ. ಅಣ್ಣ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, "ಎಸಿ ಭಾಳ ತಂಪೈತ್ರಿ," ಎಂದರು.

ನೀರಿನ ಮೇಲಿದ್ದ ಅವರ ಗಂಡನೊಬ್ಬರನ್ನು ಬಿಟ್ಟು ಎಲ್ಲರೂ ನಮ್ಮ ಮನೆಗೆ ಬಂದರು. ಔಷಧಿ ಅಂಗಡಿಯವರು ಮೊದಲು ಗುಂಡು ತೆಗೆದರು, ಉರುಳೆ ತೆರೆದು ಎಣಿಸಿದರು, ನಾನು ಎಣಿಸಿದೆ. ಗುಂಡನ್ನೂ ರಿವಾಲ್ವರನ್ನೂ ತಮ್ಮ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಬೀಗದ ಕೈ ಕೊರಳಿಗೆ ಹಾಕಿಕೊಂಡರು. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೈಸೂರಿನವಳಾದ ನಾನು ತಟ್ಟಿದ ರೊಟ್ಟಿ ಟೆಕ್ಸಸ್ ಭೂಪಟದ ಹಾಗಿದೆಯೆಂದು ಅಣ್ಣ ಆಡಿಕೊಂಡರು, ಆಡಿಕೊಳ್ಳುತ್ತಲೇ ನಾಲ್ಕು ತಿಂದರು. ಯಜಮಾನರು ಎರಡು. ಔಷಧಿ ಅಂಗಡಿಯವರು ಮೂರು ರೊಟ್ಟಿ, ಎರಡು ಸಲ ಎಣ್ಣೆಗಾಯಿ ಹಾಕಿಸಿಕೊಂಡು, ಕೈ ತೊಳೆದು ಬಂದು ಸೋಫಾದ ಮೇಲೆ ಕೂತರು. ಪಾಯಸ ತರುತ್ತೇನೆ ಇರಿ ಎಂದು ನಾನು ಒಳಗೆ ಹೋಗಿ ಬಟ್ಟಲು ಹಿಡಿದು ಬರುವಷ್ಟರಲ್ಲಿ, ಟಿವಿ ಜೋರಾಗಿ ಓಡುತ್ತಿದ್ದರೂ, ಅಣ್ಣ ಫೋನಿನಲ್ಲಿ ಯೂಲೆಸ್‌ನೊಂದಿಗೆ ಕೂಗಾಡುತ್ತಿದ್ದರೂ, ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದವರು ಔಷಧಿ ಅಂಗಡಿಯವರೇ.